ನದಿಯ ಮೇಲೆ ದೂರು

ಹಳೆಯ ದಾಖಲೆಗಳ ಕಚೇರಿಯ ಓದುವ ಕೋಣೆಯಲ್ಲಿ ಆರು ಉದ್ದನೆಯ ಮೇಜು, ಇಪ್ಪತ್ತನಾಲ್ಕು ಕುರ್ಚಿ. ಅಲುಗಾಡದೆ ನಿಲ್ಲುವುದು ಒಂಬತ್ತು. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನೀರಿನ ಬಾಟಲಿ ಬಿಡುವುದಿಲ್ಲ. ಮಾತು ಬಿಡುವ ಪ್ರಶ್ನೆಯೇ ಇಲ್ಲ. ಇಷ್ಟನ್ನೂ ಕಾಯಲು ಬಾಗಿಲ ಪಕ್ಕದ ಎತ್ತರದ ಮೇಜಿನ ಹಿಂದೆ ಕೂತ ದಫ್ತರಿಗೆ ಇಪ್ಪತ್ತೆಂಟು ವರ್ಷದ ಸರ್ವಿಸಾಗಿತ್ತು. ಬೆಳಗಿಂದ ಸಂಜೆವರೆಗೆ ಅವರ ಬಾಯಿಂದ ಹೊರಡುವುದು ಹೆಚ್ಚಾಗಿ ಒಂದೇ ಅಕ್ಷರ: ‘ಶ್!’ ಹಾಗಾಗಿ ಎದುರಿಗೆ ‘ಸಾರ್’ ಅನ್ನುವವರೆಲ್ಲ ಬೆನ್ನ ಹಿಂದೆ ಅವರನ್ನು ಶ್ಶಣ್ಣ ಅನ್ನುತ್ತಿದ್ದರು.

ಆ ಹೆಸರಿಟ್ಟವಳು ಗಿಳಿ. ಅದೂ ಹುಟ್ಟುಹೆಸರಲ್ಲ. ಮೂರು ವರ್ಷದವಳಿದ್ದಾಗಲೇ ಪಕ್ಕದ ಮನೆಯ ಅಜ್ಜಿಯ ಕೆಮ್ಮನ್ನು ಅಜ್ಜಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದಳೆಂದು ಅಪ್ಪ ಇಟ್ಟದ್ದು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಅರ್ಧ ದಿನ ರಜೆ ಕೊಡಿಸಿದ್ದಳು. ಅಂಥವಳು ಮುನ್ನೂರೈವತ್ತು ವರ್ಷದ ಹಿಂದಿನ ಅರ್ಜಿಗಳ ಮೇಲೆ ಪಿಎಚ್‌.ಡಿ. ಮಾಡುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಅವಳ ಲೆಕ್ಕ ಮಾತ್ರ ಸರಿಯಾಗಿತ್ತು. ಸತ್ತವರ ದನಿ ತೆಗೆದರೆ ಸಿಟ್ಟು ಮಾಡಿಕೊಳ್ಳುವವರು ಯಾರೂ ಇಲ್ಲ.

ಅವಳ ಓದಿನ ಕ್ರಮವೂ ಹಾಗೇ. ಒಂದೊಂದು ಅರ್ಜಿಯನ್ನೂ ತುಟಿ ಅಲುಗಿಸುತ್ತಾ ಆಯಾ ಮನುಷ್ಯನ ದನಿಯಲ್ಲಿ ಓದುವುದು. ಗಂಟಲು ಕಟ್ಟಿದ ವ್ಯಾಪಾರಿ, ಮೂಗಿನಲ್ಲಿ ಮಾತಾಡುವ ಸುಂಕದ ಅಧಿಕಾರಿ, ‘ತಮ್ಮ ಪಾದದ ಧೂಳಿ ನಾನು’ ಎಂದು ಶುರುಮಾಡಿ ಕೊನೆಯಲ್ಲಿ ಬೆದರಿಕೆ ಹಾಕುವ ಗುತ್ತಿಗೆದಾರ. ನೂರಾರು ಜನ. ಆದರೆ ಅವರಲ್ಲಿ ಒಬ್ಬಳ ದನಿ ಮಾತ್ರ ಹುಡುಕದೆಯೇ ಗಂಟಲಿಗೆ ಬಂದಿತ್ತು. ಒಬ್ಬ ಅಂಬಿಗನ ವಿಧವೆ. ಅವಳ ಅರ್ಜಿ ದೊಡ್ಡ ಮೇಷ್ಟ್ರ ಅಚ್ಚಾದ ಪುಸ್ತಕದಲ್ಲಿತ್ತು. ದೊಡ್ಡ ಮೇಷ್ಟ್ರೆಂದರೆ ಗಿಳಿಯ ಗೈಡಿಗೆ ಗುರುಗಳಾಗಿದ್ದವರು. ತೀರಿಕೊಂಡು ನಲವತ್ತು ವರ್ಷವಾಗಿತ್ತು.

‘ನನ್ನ ಗಂಡನನ್ನು ನದಿ ತಗೊಂಡಿತು. ದೋಣಿಯನ್ನು ಸುಂಕದವರು ತಗೊಂಡರು. ನದಿ ಕೇಳದೆ ತಗೊಂಡಿತು, ಇವರು ಕಾಗದ ತೋರಿಸಿ ತಗೊಂಡರು. ನದಿಯ ಮೇಲೆ ದೂರು ಕೊಡಲು ಬರುವುದಿಲ್ಲ. ಅದಕ್ಕೇ ಇವರ ಮೇಲೆ ಕೊಡುತ್ತಿದ್ದೇನೆ.’

ಅವಳ ಹೆಸರು, ಗಂಡನ ಹೆಸರು, ಊರಿನ ಹೆಸರು, ದೋಣಿ ದಾಟುವ ಕಡವಿನ ಹೆಸರು ಇರಬೇಕಾದ ನಾಲ್ಕೂ ಕಡೆ ಪುಸ್ತಕದಲ್ಲಿ ‘ಅಳಿಸಿದೆ’ ಎಂದು ಅಚ್ಚಾಗಿತ್ತು. ಗಿಳಿಯ ಮೂರನೇ ಅಧ್ಯಾಯ, ನಲವತ್ತಾರು ಪುಟ, ನಿಂತಿದ್ದೇ ಅದರ ಮೇಲೆ. ಒಬ್ಬ ಹೆಂಗಸು ನಡುವೆ ಗಂಡಸಿನ ಬಾಯಿ ಇಟ್ಟುಕೊಳ್ಳದೆ ನ್ಯಾಯಸ್ಥಾನದ ಮುಂದೆ ಮಾತಾಡಿದಳು, ಯಾರೋ ಅವಳ ಹೆಸರನ್ನು ಅಳಿಸಿದರು, ಮಾತನ್ನು ಅಳಿಸಲಾಗಲಿಲ್ಲ. ಅಧ್ಯಾಯದ ಹೆಸರು ‘ಹೆಸರು ಅಳಿದವಳು’. ಗೈಡು ಮೇಷ್ಟ್ರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು.

ಆಗ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಉದ್ಧರಿಸಿದ ಪ್ರತಿ ದಾಖಲೆಗೂ ಮೂಲದ ಹಾಳೆಯ ಸಂಖ್ಯೆ ಕೊಡತಕ್ಕದ್ದು. ಅಚ್ಚಿನ ಪುಸ್ತಕ ಸಾಲದು.

“ಆಕರ ಇಲ್ಲದ ಪ್ರಬಂಧಕ್ಕೆ ನಿರಾಕರಣೆಯೇ ಗತಿ” ಎಂದು ಗಿಳಿ ಆ ಸುತ್ತೋಲೆ ಬರೆದ ರಿಜಿಸ್ಟ್ರಾರರ ದನಿಯಲ್ಲೇ ಹೇಳಿ ಗೆಳತಿಯರನ್ನು ನಗಿಸಿದಳು. ಒಂದು ಹಾಳೆ ನೋಡಿ ಸಂಖ್ಯೆ ಬರಕೊಂಡು ಬರುವುದು ಯಾವ ಮಹಾ ಕೆಲಸ! ಪುಸ್ತಕದಲ್ಲಿ ‘ಕಟ್ಟು 214’ ಎಂದು ಸ್ಪಷ್ಟವಾಗಿತ್ತು.

ಕಟ್ಟು 214 ಬಂತು. ಬಿಚ್ಚಿದಳು. ನೂರಾ ಹನ್ನೆರಡು ಹಾಳೆ. ಎರಡು ದಿನ ಒಂದೊಂದನ್ನೂ ತಿರುವಿದಳು. ಅಂಬಿಗನ ವಿಧವೆ ಇರಲಿಲ್ಲ.

“ಸಾರ್, ಇದರಲ್ಲಿ ಒಂದು ಹಾಳೆ ಕಾಣ್ತಿಲ್ಲ.”

ಶ್ಶಣ್ಣ ಕಟ್ಟಿನ ಮೇಲಿನ ಚೀಟಿ ನೋಡಿದರು. “ನೂರಾ ಹನ್ನೆರಡು ಅಂತಿದೆ. ಎಷ್ಟಿದೆ?”

“ನೂರಾ ಹನ್ನೆರಡು.”

“ಮತ್ತೆ ಕಾಣ್ತಿಲ್ಲ ಅಂದ್ರೆ ಹೆಂಗಮ್ಮ? ಇರೋದು ಇದೆ. ಇಲ್ದೇ ಇರೋದು ಯಾವತ್ತೂ ಇರ್ಲಿಲ್ಲ.”

“ದೊಡ್ಡ ಮೇಷ್ಟ್ರು ಇದರಲ್ಲೇ ನೋಡಿದ್ದು ಅಂತ ಪುಸ್ತಕದಲ್ಲಿ ಬರ್ದಿದಾರೆ ಸಾರ್.”

“ಪುಸ್ತಕ ಅವರದ್ದು. ಕಟ್ಟು ನಂದು.” ಅಷ್ಟು ಹೇಳಿ ಶ್ಶಣ್ಣ ಕಟ್ಟಿನ ಚೀಟಿ ಸರಿಮಾಡಿದರು. ಆಮೇಲೆ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಎಂಬಂತೆ, ತಾವಾಗಿಯೇ ಕೇಳಿದರು: “ಅವರು ನಿಜವಾಗಿ ಏನೇನು ತರ್ಸಿದ್ರು ಅಂತ ನೋಡ್ತೀಯಾ?”

ಹಿಂದಿನ ಕೋಣೆಯ ಗೋಡೆಗೆ ಸಾಲಾಗಿ ಕಬ್ಬಿಣದ ತಂತಿಗಳು ನೇತಾಡುತ್ತಿದ್ದವು. ಯಾವ ಓದುಗ ಯಾವ ದಿನ ಯಾವ ಕಟ್ಟು ಬೇಕೆಂದು ಬರೆದುಕೊಟ್ಟನೋ ಆ ಚೀಟಿಗಳನ್ನೆಲ್ಲ ವರ್ಷಕ್ಕೊಂದು ತಂತಿಯಂತೆ ಚುಚ್ಚಿಟ್ಟಿದ್ದರು. ಅರವತ್ತೊಂದು ತಂತಿ, ಮೀನು ಒಣಗಿಸಲು ಹಾಕಿದ ಹಾಗೆ. ಎಸೆಯಿರಿ ಎಂದು ಮೇಲಿನವರು ಎರಡು ಸಲ ಆರ್ಡರು ಕಳಿಸಿದ್ದರಂತೆ. “ಎಸೆದಿದ್ದೀವಿ ಅಂತ ಬರ್ದು ಕಳ್ಸಿದೆ” ಎಂದರು ಶ್ಶಣ್ಣ.

ದೊಡ್ಡ ಮೇಷ್ಟ್ರು ಆ ಪುಸ್ತಕ ಮಾಡುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಅವರ ಪರವಾಗಿ ಒಬ್ಬ ನಕಲುಗಾರ ದಿನಾ ಬಂದು ಹಾಳೆಗಳನ್ನು ನೋಡಿ ಬರೆದುಕೊಂಡು ಹೋಗುತ್ತಿದ್ದ. ಪುಸ್ತಕದ ಮುನ್ನುಡಿಯಲ್ಲಿ ಅವನಿಗೊಂದು ಸಾಲಿನ ಕೃತಜ್ಞತೆಯಿತ್ತು. ತಂತಿಯ ಮೇಲೆ ಅವನ ಚೀಟಿಗಳು ಮುನ್ನೂರಕ್ಕೂ ಹೆಚ್ಚು. ಕಟ್ಟು 214 ತರಿಸಿದ ದಿನವೇ, ಅದೇ ಚೀಟಿಯ ಕೆಳಗಿನ ಸಾಲಿನಲ್ಲಿ, ಅವನು ಇನ್ನೊಂದನ್ನೂ ಕೇಳಿದ್ದ: ‘ಇತರೆ, 9.’

ಇತರೆ 9 ಅನ್ನು ಅಲ್ಲಿಂದೀಚೆಗೆ ಒಬ್ಬರೂ ಕೇಳಿರಲಿಲ್ಲ. ಶ್ಶಣ್ಣ ಏಣಿ ಹತ್ತಿ ತೆಗೆದುಕೊಟ್ಟರು. ಕಟ್ಟೂ ಅಲ್ಲ ಅದು. ಚರ್ಮದ ಹೊದಿಕೆ ಹಾಕಿ ಹೊಲಿದ, ಅಂಗೈ ಅಗಲದ ಪುಸ್ತಕ. ಮೊದಲ ಪುಟದಲ್ಲಿ ಯಾರೋ ಲೇಖನಿ ಪಳಗಿಸಲು ಒಂದೇ ಅಕ್ಷರವನ್ನು ಇಪ್ಪತ್ತು ಸಲ ಬರೆದಿದ್ದರು, ಪಕ್ಕದಲ್ಲಿ ಒಂದು ಬಾತುಕೋಳಿ. ಮುಂದಿನ ಪುಟದಲ್ಲಿ ‘ಯಜಮಾನರಿಗೆ ಗಂಡು ಮಗು ಹುಟ್ಟಿದರೆ ಬರೆಯುವ ಕಾಗದ’. ಅದರ ಮುಂದೆ ‘ಹೆಣ್ಣು ಮಗು ಹುಟ್ಟಿದರೆ’. ಇದು ಅದರ ಅರ್ಧದಷ್ಟು. ಆಮೇಲೆ ‘ಸಾಲಗಾರನಿಗೆ ಮೊದಲ ಸಲ’, ‘ಸಾಲಗಾರನಿಗೆ ಮೂರನೇ ಸಲ’. ಗಿಳಿಗೆ ನಗು ಬಂತು. ಹನ್ನೊಂದನೇ ಎಲೆ ತಿರುವಿದಾಗ ನಗು ಅಲ್ಲೇ ನಿಂತಿತು.

‘ವಿಧವೆಯ ಅರ್ಜಿ, ಬರೆಯುವ ಬಗೆ. ಇಂಥ ಊರಿನ, ಇಂಥ ಕಡವಿನ, ಇಂಥವನ ಹೆಂಡತಿ ಇಂಥವಳು ಅರಿಕೆ ಮಾಡುವುದೇನೆಂದರೆ, ನನ್ನ ಗಂಡನನ್ನು ನದಿ ತಗೊಂಡಿತು…’

ಅಕ್ಷರ ಮುತ್ತಿನಂತಿತ್ತು. ಎಲ್ಲೂ ಏನೂ ಅಳಿಸಿರಲಿಲ್ಲ. ಅಳಿಸಲು ಹೆಸರೇ ಇರಲಿಲ್ಲ. ಹುಡುಗರಿಗೆ ಬರವಣಿಗೆ ಕಲಿಸಲು ಯಾವನೋ ಲಿಪಿಕಾರ ಮಾಡಿಟ್ಟ ಮಾದರಿ ಅದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಲವತ್ತಾರು ಪುಟದ ಮಡಕೆ ಗಿಳಿಯ ಕಣ್ಣೆದುರೇ ಚೂರಾಯಿತು. ಅವಳು ಪೆನ್ಸಿಲಿನಲ್ಲಿ ಆ ಪುಟವನ್ನು ಇದ್ದ ಹಾಗೇ ಬರಕೊಂಡಳು. ‘ಇಂಥವಳು’ ಎಂದು ಬರೆಯುವಾಗ ಮೊನೆ ಮುರಿಯಿತು.

ಗಿಳಿಯ ಅಪ್ಪ ಕೋರ್ಟಿನ ಎದುರಿನ ತಗಡಿನ ಚಪ್ಪರದ ಕೆಳಗೆ ಅರ್ಜಿ ಬರೆಯುವವರು. ಮೂವತ್ತಾರು ವರ್ಷದಿಂದ ಅದೇ ಮೇಜು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು, ಬೆನ್ನುನೋವು ಹಾಗೇ ಇತ್ತು. ಸಂಜೆ ನಾಲ್ಕಕ್ಕೆ ಜನ ಕರಗಿದ ಮೇಲೆ ಗಿಳಿ ಹೋಗಿ ಕಕ್ಷಿದಾರರ ಸ್ಟೂಲಿನ ಮೇಲೆ ಕೂತಳು.

“ಏನಮ್ಮ, ಮುಖ ಸುಟ್ಟ ಬದನೆಕಾಯಿ ಆಗಿದೆ? ಮೂಲ ಸಿಕ್ತಾ?”

“ಸಿಕ್ತು.”

“ಸದ್ಯ! ಹಿಂಗೇ ಕೂತು ಕೂತು ಇನ್ನೊಂದು ಮೂಲ ಶುರುವಾಗುತ್ತೇನೋ ಅಂತ ನಿಮ್ಮಮ್ಮ ಹೆದರಿದ್ಳು. ಅದಕ್ಕೆ ಆಪರೇಷನ್ನೇ ಆಗ್ಬೇಕು.”

ಗಿಳಿ ನಗಲಿಲ್ಲ. ಹಾಳೆ ಮುಂದೆ ಇಟ್ಟಳು. ಅಪ್ಪ ಕನ್ನಡಕ ಹಣೆಗೇರಿಸಿ ಓದಿದರು. ಇನ್ನೊಂದು ಸಲ ಓದಿದರು.

“ಯಾರಿದು? ಭೇಷ್! ನಮ್ಮ ಕಸುಬಿನೋನು ಕಣೇ ಇವನು. ನೋಡು, ಮೊದಲು ಸಾವು. ಆಮೇಲೆ ದೋಣಿ. ಬೈಯೋದೇನೂ ಬೈದಿಲ್ಲ, ಆದ್ರೆ ಓದಿದ ಸಾಹೇಬ ಕುರ್ಚೀಲಿ ಸರಿಯಾಗಿ ಕೂರೋ ಹಂಗಿಲ್ಲ. ನಾನಾಗಿದ್ರೂ ಹಿಂಗೇ ಬರೀತಿದ್ದೆ. ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ, ಅದು ಬೇರೆ ಮಾತು.”

“ಇವಳು ಇರ್ಲೇ ಇಲ್ಲ ಅಪ್ಪ. ಇದು ಬರೀ ನಮೂನೆ. ನಾನು ಮೂರು ವರ್ಷದಿಂದ ಒಂದು ಫಾರ್ಮನ್ನ ಮಾತಾಡಿಸ್ತಿದ್ದೆ.”

ಅಪ್ಪ ಮೇಜಿನ ಖಾನೆಯಿಂದ ಉದ್ದನೆಯ ನೋಟುಬುಕ್ಕು ತೆಗೆದರು. ಅಂಚೆಲ್ಲ ಎಣ್ಣೆ ಹತ್ತಿ ಕಪ್ಪಾಗಿತ್ತು. ಅವರ ಮಾದರಿಗಳ ಪುಸ್ತಕ. ಹೆಸರು, ಊರು ಇರುವಲ್ಲೆಲ್ಲ ಚುಕ್ಕಿ ಚುಕ್ಕಿ.

“ಇದನ್ನೆಲ್ಲ ನಾನು ಕೂತು ಕಟ್ಟಿದ್ದು ಅಂದ್ಕೊಂಡ್ಯಾ? ಕಟ್ಟೋಕೆ ಪುರುಸೊತ್ತೆಲ್ಲಿದೆ? ಯಾವ ಅರ್ಜಿ ಕೆಲಸ ಮಾಡ್ತೋ ಅದನ್ನ ಎತ್ತಿಟ್ಕೋತೀನಿ. ಹೆಸರು ಕಿತ್ತು ಚುಕ್ಕಿ ಹಾಕ್ತೀನಿ. ಇಲ್ನೋಡು, ಗೋಡೆ ತಕರಾರು.” ಅಪ್ಪ ಬೆರಳಿಟ್ಟರು. “ಒಬ್ಬ ಮುದುಕ ಬಂದಿದ್ದ. ಪಕ್ಕದೋನು ಗೋಡೆ ಕೆಡವಿದ್ದ. ಏನು ಬರೀಲಿ ಅಜ್ಜಾ ಅಂದೆ. ‘ಗೋಡೆ ಬಿದ್ದಿದ್ದಕ್ಕೆ ಬೇಜಾರಿಲ್ಲ ಸ್ವಾಮಿ, ಬೆಳಗೆದ್ರೆ ಅವನ ಮುಖ ಕಾಣುತ್ತಲ್ಲ’ ಅಂದ. ಇದ್ದ ಹಾಗೇ ಹಾಕ್ದೆ. ಜಡ್ಜು ನಕ್ಬಿಟ್ರಂತೆ, ಆರ್ಡರಾಯ್ತು. ಅವತ್ತಿಂದ ಹನ್ನೊಂದು ಜನರ ಗೋಡೆ ಕೇಸಲ್ಲಿ ಅದೇ ಸಾಲು.”

“ಆ ಅಜ್ಜನ ಹೆಸರು?”

ಅಪ್ಪ ಚುಕ್ಕಿಗಳ ಮೇಲೆ ಬೆರಳಾಡಿಸಿದರು. “ಬೆಳ್ಳಗಿದ್ದ. ಕೈಯಲ್ಲಿ ಛತ್ರಿ ಇತ್ತು. ಹೆಸರು… ಇಲ್ಲ ಕಣೇ.”

ಚಹಾ ಬಂತು. ಇಬ್ಬರೂ ಕುಡಿದರು.

“ಹಂಗಾದ್ರೆ ಇವಳೂ ಇದ್ದಿರಬಹುದು” ಎಂದಳು ಗಿಳಿ. “ಯಾವತ್ತೋ ಒಬ್ಬಳು ಬಂದು ಈ ಮಾತು ಹೇಳಿ, ಕೆಲಸ ಆಗಿ, ಅವನು ಎತ್ತಿಟ್ಕೊಂಡಿರಬಹುದು.”

“ಇರಬಹುದು. ಇಲ್ದೇನೂ ಇರಬಹುದು. ನನ್ನ ಪುಸ್ತಕದಲ್ಲೂ ನಾನೇ ಒಂದೆರಡು ಕಡೆ ಕಣ್ಣೀರು ಸೇರ್ಸಿದೀನಿ. ಯಾವುದು ನಂದು ಯಾವುದು ಅವರದ್ದು ಅಂತ ಈಗ ನನಗೇ ಗೊತ್ತಾಗಲ್ಲ. ನಿನಗೆಲ್ಲಿಂದ ಗೊತ್ತಾಗುತ್ತೆ?”

ಆ ‘ಇರಬಹುದು’ ಗಿಳಿಯನ್ನು ಎಳೆಯಿತು. ಒಂದು ‘ಇರಬಹುದು’ ಸೇರಿಸಿದರೆ ಅಧ್ಯಾಯ ಬದುಕುತ್ತಿತ್ತು. ಬಸ್ಸಿನಲ್ಲಿ ಮನೆಗೆ ಹೋಗುತ್ತಾ ಆ ವಾಕ್ಯವನ್ನು ಗೈಡಿನ ದನಿಯಲ್ಲಿ, ಪರೀಕ್ಷಕರ ದನಿಯಲ್ಲಿ, ರಿಜಿಸ್ಟ್ರಾರರ ದನಿಯಲ್ಲಿ ಹೇಳಿಕೊಂಡು ನೋಡಿದಳು. ಎಲ್ಲರ ಬಾಯಲ್ಲೂ ಒಪ್ಪುತ್ತಿತ್ತು. ತನ್ನ ದನಿಯಲ್ಲಿ ಹೇಳಲು ಹೋದಾಗ ಮಾತ್ರ ಎಡವಿತು.

ಮಾದರಿಯಿದ್ದರೆ ಅದನ್ನು ನೋಡಿ ಬರೆದವರೂ ಇರಬೇಕಲ್ಲ! ಆ ಕಾಲದ ಸುಂಕದ ಅರ್ಜಿಗಳು ಮೂವತ್ತೆಂಟು ಕಟ್ಟು. ಮಾರನೆಯ ದಿನದಿಂದ ಒಂದೊಂದೇ ತರಿಸಿದಳು. ದಿನಕ್ಕೆ ಒಂದೂವರೆ ಕಟ್ಟು ಮುಗಿದರೆ ಹೆಚ್ಚು. ಕೈಬೆರಳೆಲ್ಲ ಧೂಳು, ಮೂಗಿನಲ್ಲಿ ಹಳೆ ಗೋಂದಿನ ವಾಸನೆ. ನಾಲ್ಕನೆಯ ದಿನ ಮಧ್ಯಾಹ್ನ, ಆರನೆಯ ಕಟ್ಟಿನ ನಡುವಿನಲ್ಲಿ, ಬೆಟ್ಟದ ಮೇಲಿನ ಒಂದು ಹಳ್ಳಿಯ ನೇಕಾರನ ವಿಧವೆಯ ಅರ್ಜಿ ಸಿಕ್ಕಿತು. ಊರು ಇತ್ತು, ಗಂಡನ ಹೆಸರಿತ್ತು, ಅವಳ ಹೆಸರು ಇತ್ತು, ಹೆಸರಿನ ಪಕ್ಕದಲ್ಲಿ ಅವಳು ಎಳೆದ ಒಂದು ಓರೆಗೆರೆಯೂ ಇತ್ತು.

‘ನನ್ನ ಗಂಡನನ್ನು ಜ್ವರ ತಗೊಂಡಿತು. ಮಗ್ಗವನ್ನು ಸುಂಕದವರು ತಗೊಂಡರು. ಜ್ವರ ಕೇಳದೆ ತಗೊಂಡಿತು, ಇವರು ಕಾಗದ ತೋರಿಸಿ ತಗೊಂಡರು. ನದಿಯ ಮೇಲೆ ದೂರು ಕೊಡಲು ಬರುವುದಿಲ್ಲ. ಅದಕ್ಕೇ ಇವರ ಮೇಲೆ ಕೊಡುತ್ತಿದ್ದೇನೆ.’

ಬೆಟ್ಟದ ಮೇಲೆ ನದಿ! ಮಾದರಿ ನೋಡಿ ಬರೆದ ಪುಣ್ಯಾತ್ಮ ಎಲ್ಲ ಬದಲಾಯಿಸಿ ಒಂದು ಕಡೆ ಮರೆತಿದ್ದ. ಗಿಳಿ ಹಾಳೆ ಮಗುಚಿದಳು. ಹಿಂಬದಿಯಲ್ಲಿ ಅಧಿಕಾರಿಯ ಅಪ್ಪಣೆ, ಗೀಚಿದ ಅಕ್ಷರದಲ್ಲಿ: ‘ಮಗ್ಗ ಹಿಂದಿರುಗಿಸುವುದು. ನದಿಯ ವಿಷಯ ತಿಳಿಯಲಿಲ್ಲ.’

ಅವಳು ಜೋರಾಗಿ ನಕ್ಕುಬಿಟ್ಟಳು. ಇಡೀ ಕೋಣೆ ತಲೆ ಎತ್ತಿತು.

“ಶ್!” ಎನ್ನುತ್ತಾ ಶ್ಶಣ್ಣ ಎದ್ದೇ ಬಂದರು. ಅವಳು ಬೆರಳು ತೋರಿಸಿದಳು. ಅವರು ಬಗ್ಗಿ ಮೆಲ್ಲಗೆ ಓದಿದರು, ಹಿಂಬದಿಯನ್ನೂ ಓದಿದರು. ಮೀಸೆ ಅಲುಗಿತು.

“ನಮ್ಮಲ್ಲಿ ಹೋದ ವರ್ಷ ಬೆಂಕಿ ಸುರಕ್ಷತೆ ಸುತ್ತೋಲೆ ಬಂದಿತ್ತು” ಎಂದರು ಪಿಸುದನಿಯಲ್ಲಿ. “‘ರೋಗಿಗಳನ್ನು ಮೊದಲು ಹೊರಗೆ ಸಾಗಿಸತಕ್ಕದ್ದು’ ಅಂತ. ನಾನು ಕಟ್ಟುಗಳನ್ನ ಅಂತ ಅರ್ಥ ಮಾಡ್ಕೊಂಡೆ.” ಆಮೇಲೆ, ನೆನಪಾದವರಂತೆ, “ಶ್!” ಎಂದು ತಮಗೇ ಹೇಳಿಕೊಂಡು ಹೋದರು.

ಗೈಡು ಮೇಷ್ಟ್ರ ಕೋಣೆಯಲ್ಲಿ ಪುಸ್ತಕಗಳ ನಡುವೆ ಕೂರಲು ಒಂದೇ ಜಾಗ. ಅವರು ಮಾದರಿಯ ಪ್ರತಿಯನ್ನೂ ನೇಕಾರನ ಹೆಂಡತಿಯ ಅರ್ಜಿಯ ಪ್ರತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ನೋಡಿದರು. ಗಿಳಿಗೆ ಗೊತ್ತಿತ್ತು, ಮೂವತ್ತು ವರ್ಷದಿಂದ ಪ್ರತಿ ಹೊಸ ತರಗತಿಯ ಮೊದಲ ದಿನ ಅವರು ಬಾಯಿಪಾಠ ಒಪ್ಪಿಸುತ್ತಿದ್ದದ್ದು ಆ ವಿಧವೆಯ ಮಾತನ್ನೇ. ಅವರ ಮೊದಲ ಪುಸ್ತಕ ಶುರುವಾಗುತ್ತಿದ್ದದ್ದೂ ಅವಳಿಂದಲೇ.

“ಇನ್ನು ಎಷ್ಟು ದಿನ ಇದೆ?”

“ಹತ್ತು ದಿನ ಸಾರ್.”

“ಒಂದು ಕೆಲಸ ಮಾಡು. ‘ಮೂಲ ಹಾಳೆ ಲಭ್ಯವಾಗಿಲ್ಲ, ಅಚ್ಚಿನ ಪಾಠವನ್ನು ಅನುಸರಿಸಿದೆ’ ಅಂತ ಅಡಿಟಿಪ್ಪಣಿ ಹಾಕು. ಮೊದಲು ಡಿಗ್ರಿ ಆಗ್ಲಿ. ಇದನ್ನೆಲ್ಲ ಆಮೇಲೆ ಒಂದು ಲೇಖನ ಮಾಡು. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ಲಭ್ಯವಾಗಿದೆಯಲ್ಲ ಸಾರ್.”

“ಆಗಿದೆ ಅಂತ ನೀನು ಹೇಳ್ತಿದೀಯ. ದೊಡ್ಡ ಮೇಷ್ಟ್ರು ಸುಮ್ಮನೆ ‘ಅಳಿಸಿದೆ’ ಅಂತ ಬರೆಯೋರಲ್ಲಮ್ಮ. ಒಂದು ಅಕ್ಷರದ ಕೊಂಬಿನ ಮೇಲೆ ಸಂಶಯ ಬಂದ್ರೆ ವಾರಗಟ್ಟಲೆ ನಿದ್ದೆ ಮಾಡ್ತಿರ್ಲಿಲ್ಲ. ಅವರು ಬೇರೆ ಹಾಳೆ ನೋಡಿರ್ಬೇಕು.” ಮೇಷ್ಟ್ರ ದನಿ ಏರಿತು. “ಇರು. ಅವರ ಕಾಗದಪತ್ರ ನನ್ನ ಹತ್ರಾನೇ ಇದೆ. ಅವರ ಮನೆಯವರು ನನಗೇ ಕೊಟ್ಟದ್ದು.”

ಬೀರುವಿನ ಕೆಳಗಿನ ಅರೆಯಿಂದ ರಟ್ಟಿನ ಪೆಟ್ಟಿಗೆ ಬಂತು. ಮೇಲಿನ ದಾರದ ಗಂಟು ಬಿಚ್ಚಲಾಗದೆ ಕತ್ತರಿಸಬೇಕಾಯಿತು. ಅಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ ಎನ್ನುವುದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಆಡಲಿಲ್ಲ. ಒಳಗೆ ನಕಲುಗಾರನ ಹಾಳೆಗಳು. ಗಿಳಿಯೇ ಹುಡುಕಿ ತೆಗೆದಳು. ಮೇಲೆ ‘214, ಇತರೆ 9’ ಎಂದು ಎರಡನ್ನೂ ಸೇರಿಸಿ ಬರೆದಿತ್ತು. ಕೆಳಗೆ ವಿಧವೆಯ ಅರ್ಜಿ, ‘ಬರೆಯುವ ಬಗೆ’ ಎಂಬ ತಲೆಬರಹ ಇಲ್ಲದೆ. ‘ಇಂಥ’ ಎಂಬ ನಾಲ್ಕೂ ಕಡೆ ನಕಲುಗಾರ ಏನೂ ಬರೆಯದೆ ಹೆಬ್ಬೆರಳಗಲ ಜಾಗ ಬಿಟ್ಟಿದ್ದ. ಅವನ ಮಟ್ಟಿಗೆ ಅದು ಸರಿಯೇ: ಹೆಸರಿಲ್ಲದಲ್ಲಿ ಖಾಲಿ. ಖಾಲಿ ಜಾಗಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಮಂಜುಗಣ್ಣಿನವರ ದೊಡ್ಡ ದೊಡ್ಡ ಅಕ್ಷರದಲ್ಲಿ, ದೊಡ್ಡ ಮೇಷ್ಟ್ರು ಬರೆದಿದ್ದರು: ‘ಅಳಿಸಿದೆಯೇ? ನೋಡಬೇಕು.’

ಮೇಷ್ಟ್ರು ಆ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬೆರಳಿಟ್ಟರು. ಅಚ್ಚಿಗೆ ಹೋಗುವಾಗ ಅದೊಂದು ಬಿದ್ದುಹೋಗಿತ್ತು.

“ನೋಡಬೇಕು ಅಂತ ಬರೆದಿಟ್ಟು ಹೋದ್ರು” ಎಂದರು. “ಪುಸ್ತಕ ಬಂದ ವರ್ಷವೇ ತೀರ್ಕೊಂಡ್ರು. ನಾನು ಅವರ ಮೇಲೆ ಭಾಷಣ ಮಾಡಿದೆ, ಲೇಖನ ಬರ್ದೆ. ನೋಡೋದೊಂದು ಬಿಟ್ಟು ಎಲ್ಲಾ ಮಾಡ್ದೆ.”

“ನಾನೂ ಸುತ್ತೋಲೆ ಬರದಿದ್ರೆ ನೋಡ್ತಿರ್ಲಿಲ್ಲ ಸಾರ್.”

“ಅದು ನಿನ್ನ ಒಳ್ಳೇತನ. ನನಗೆ ಸಮಾಧಾನ ಮಾಡೋಕೆ ಬರ್ಬೇಡ.” ಮೇಷ್ಟ್ರು ಹಾಳೆಯನ್ನು ಪೆಟ್ಟಿಗೆಯ ಮೇಲಿಟ್ಟರು. “ಈಗ ಏನು ಮಾಡ್ಬೇಕು ಅಂತೀಯಾ?”

ಗಿಳಿ ಒಂದೇ ಉಸಿರಿಗೆ ಹೇಳಿದಳು. ಹೇಳುವಾಗ ಯಾರ ದನಿಯನ್ನೂ ಎರವಲು ತರಲಿಲ್ಲ. “ಮೂರನೇ ಅಧ್ಯಾಯ ತೆಗೀತೀನಿ ಸಾರ್. ಆ ಅಂಬಿಗನ ಹೆಂಡತಿ ಇದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತಾನೇ ಬರೀತೀನಿ. ಅವಳ ಮಾತು ಇಟ್ಕೊಂಡು ಎಷ್ಟು ಜನ ನಿಜವಾದ ಹೆಂಗಸರು ಏನೇನು ವಾಪಸ್ ಪಡೆದ್ರು, ಎಷ್ಟು ಜನಕ್ಕೆ ಅದೇ ಮಾತು ದಕ್ಕಲಿಲ್ಲ, ಅದು ನನಗೆ ಬೇಕು. ಒಬ್ಬಳು ಸಿಕ್ಕಿದ್ದಾಳೆ. ಆರು ತಿಂಗಳು ಹೆಚ್ಚು ಬೇಕು. ಪರೀಕ್ಷಕರು ಬೈದ್ರೆ ಬೈಸ್ಕೋತೀನಿ.”

“ಆರು ತಿಂಗಳು ಕೇಳಿದ್ರೆ ಕಾರಣ ಬರೀಬೇಕು. ಕಾರಣದಲ್ಲಿ ನನ್ನ ಪುಸ್ತಕದ ಹೆಸರು ಬರುತ್ತೆ.”

“ಬರುತ್ತೆ ಸಾರ್.”

 ಮೇಷ್ಟ್ರು ಖಾಲಿ ಹಾಳೆ ಎಳೆದುಕೊಂಡು ಕಾರಣವನ್ನು ತಾವೇ ಬರೆದರು. ಎರಡು ಸಲ ಬರೆದದ್ದನ್ನು ಹೊಡೆದುಹಾಕಿ, ಮೂರನೇ ಸಲ ತಮ್ಮ ಪುಸ್ತಕದ ಹೆಸರನ್ನು ಪುಟಸಂಖ್ಯೆ ಸಮೇತ ಬರೆದು, ಸಹಿ ಮಾಡಿದರು.

ಸೋಮವಾರ ಓದುವ ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತಿದ್ದರು. ಅಲ್ಲಿಗೆ ಕಾಲಿಟ್ಟು ಇಪ್ಪತ್ತು ವರ್ಷವಾಗಿತ್ತು. ಅವರ ಜೇಬಿನ ಪೆನ್ನನ್ನು ಶ್ಶಣ್ಣ ಇಸಕೊಂಡು ಪೆನ್ಸಿಲ್ ಕೊಟ್ಟರು. ಏಳನೆಯ ಕಟ್ಟನ್ನು ಗಿಳಿ ಬಿಚ್ಚಿದಳು, ಎಂಟನೆಯದನ್ನು ಮೇಷ್ಟ್ರು. ಅವರ ಕೈಗೆ ದಾರದ ಅಭ್ಯಾಸ ತಪ್ಪಿತ್ತು. ಮೊದಲ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ಓರೆ ಮಾಡಿದರು. ಕಾಲು ಗಂಟೆ ಹಾಗೇ ಕಳೆಯಿತು. ಗಿಳಿ ನೋಡಿಯೂ ನೋಡದವಳಂತೆ ತನ್ನ ಹಾಳೆ ತಿರುವುತ್ತಿದ್ದಳು.

ಕೊನೆಗೆ ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಅವಳ ಕಡೆ ತಳ್ಳಿದರು.

“ಇದೇನಮ್ಮ ಈ ಅಕ್ಷರ?” ಎಂದು ಪಿಸುಗುಟ್ಟಿದರು. “ನನಗೆ ಓದಕ್ಕಾಗ್ತಿಲ್ಲ.”

ಗಿಳಿ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದಿ ಹೇಳತೊಡಗಿದಳು. ಮೇಷ್ಟ್ರು ಬರಕೊಳ್ಳುತ್ತಾ ಹೋದರು.